ರಾಗದ ಪಟ್ಟಿಯೂ ರೋಗಿಯ ಕಿವಿಯೂ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸಂಗೀತದ ಕುರಿತು ಒಂದು ಮರುವಿಮರ್ಶೆ

ಈ ಬಾರಿಯ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೆ. ನಾವಿರುವ ಹಮದ್ ಟೌನ್ ಸುತ್ತಮುತ್ತಲಿನ ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳ ಬಗ್ಗೆ ಟಿಪ್ಪಣಿಗಳನ್ನೂ ಮಾಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಬಂದ ಫೋನ್ ಕರೆಯಿಂದ ವಿಷಯ ಬದಲಾಯಿತು.

ಕರೆ ಮಾಡಿದವರು ನಮ್ಮ ಸಂಘದ ಕಾರ್ಯಕ್ರಮಗಳಿಗೆ ಬರುವ ದಾವಣಗೆರೆ ಕಡೆಯ ಒಬ್ಬ ಯುವಕ. ಊರಿನಲ್ಲಿರುವ ಅವರ ತಾಯಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಮೂರು ವಾರವಾಗಿತ್ತು. ಮೊದಲು ಕೀಮೋಥೆರಪಿ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಹೇಳಿದ್ದರು. ತಾಯಿಗೆ ಭಯ. “ಸರ್, ನೀವು ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಓದಿದ ರಾಗದ ಪಟ್ಟಿ ಇನ್ನೂ ನನ್ನ ಫೋನಿನಲ್ಲಿದೆ. ಎರಡು ತಿಂಗಳು ಅದನ್ನೇ ಮಾಡಿ ನೋಡೋಣ, ಆಮೇಲೆ ಬೇಕಾದರೆ ಕೀಮೋ ಅಂತ ಅಮ್ಮ ಹೇಳ್ತಿದ್ದಾರೆ. ನೀವೇನಂತೀರಿ?” ಎಂದು ಅವರು ಕೇಳಿದರು.

ಅವರು ಹೇಳಿದ್ದು ನಿಜ. ಕೆಲವು ವರ್ಷಗಳ ಹಿಂದೆ ‘ನಾದವೇ ಔಷಧ’ ಎಂಬ ವಿಷಯದ ಮೇಲೆ ನಾನು ಮಾತನಾಡಿದ್ದೆ. ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿಯೊಂದನ್ನು ಪರದೆಯ ಮೇಲೆ ತೋರಿಸಿದ್ದೆ. ಸಭಿಕರು ಚಪ್ಪಾಳೆ ತಟ್ಟಿದ್ದರು, ಹಲವರು ಫೋಟೋ ತೆಗೆದುಕೊಂಡಿದ್ದರು. ಆ ಪಟ್ಟಿ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂದು ಅಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ನಾನು ವೈದ್ಯನಲ್ಲ, ಸಂಗೀತ ವಿದ್ವಾಂಸನೂ ಅಲ್ಲ. ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ಲೆಕ್ಕದಲ್ಲಿ ವೋಚರ್ ಇಲ್ಲದ ಒಂದು ದಿನಾರನ್ನೂ ಒಪ್ಪದ ನಾನು ವೇದಿಕೆಯ ಮೇಲೆ ಅಷ್ಟೊಂದು ರೋಗಗಳ ಹೆಸರನ್ನು ಯಾವ ವೋಚರೂ ಇಲ್ಲದೆ ಓದಿಬಿಟ್ಟಿದ್ದೆ.

ಆ ಭಾಷಣ ಮತ್ತು ಈ ಫೋನ್ ಕರೆಯ ನಡುವೆ ನಮ್ಮ ಮನೆಗೇ ಕ್ಯಾನ್ಸರ್ ಬಂದು ಹೋಗಿತ್ತು. ನನ್ನ ಹೆಂಡತಿ ಕೀಮೋ ಮತ್ತು ರೇಡಿಯೇಷನ್ ಎರಡನ್ನೂ ಮುಗಿಸಿದ್ದಳು. ಸಂಗೀತ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂಬುದನ್ನು ಅವಳ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಕಲಿತೆ. ಆಮೇಲೆ ಸಂಶೋಧನೆಗಳನ್ನೂ ಹುಡುಕಿ ಓದಿದೆ. ಹಾಗಾಗಿ ಈ ಲೇಖನವನ್ನು ನನ್ನದೇ ಭಾಷಣದ ವಿಮರ್ಶೆ ಎಂದು ಓದಿಕೊಳ್ಳಬಹುದು.

ಪಟ್ಟಿಯಲ್ಲಿ ಏನು ತಪ್ಪಿತ್ತು

ಮೊದಲು ಸಂಗೀತದ ದೃಷ್ಟಿಯಿಂದಲೇ ನೋಡೋಣ. ನಾನು ಓದಿದಂಥ ಪಟ್ಟಿಗಳಲ್ಲಿ ತೋಡಿ, ಹಿಂದೋಳ, ಭೈರವಿ ಎಂಬ ಹೆಸರುಗಳು ಇದ್ದೇ ಇರುತ್ತವೆ. ಆದರೆ ಯಾವ ತೋಡಿ? ನಮ್ಮ ನಾಡಿನಲ್ಲಿ ಎರಡು ಸಂಗೀತ ಪದ್ಧತಿಗಳು ಬೆಳೆದಿವೆ. ಧಾರವಾಡದ ಕಡೆ ಹಿಂದೂಸ್ತಾನಿ, ಮೈಸೂರಿನ ಕಡೆ ಕರ್ನಾಟಕ ಸಂಗೀತ. ಹಿಂದೂಸ್ತಾನಿಯ ತೋಡಿ ಸ್ವರಗಳ ಲೆಕ್ಕದಲ್ಲಿ ಕರ್ನಾಟಕ ಪದ್ಧತಿಯ ಶುಭಪಂತುವರಾಳಿಗೆ ಹತ್ತಿರ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟ್‌ಗೆ ಹೊಂದುತ್ತವೆ. ಹೆಸರು ಒಂದೇ, ರಾಗ ಬೇರೆ. ಹಿಂದೋಳದ ಕಥೆಯೂ ಹೀಗೆಯೇ. ಕರ್ನಾಟಕ ಸಂಗೀತದ ಹಿಂದೋಳದ ಸ್ವರಗಳಿಗೆ ಹಿಂದೂಸ್ತಾನಿಯಲ್ಲಿ ಹೊಂದುವುದು ಮಾಲಕಂಸ. ಅಲ್ಲಿ ಹಿಂದೋಲ ಎಂದು ಕರೆಯುವುದು ಬೇರೆಯೇ ರಾಗ.

ಔಷಧದ ಚೀಟಿಯಲ್ಲಿ ಒಂದೇ ಹೆಸರಿನ ಎರಡು ಬೇರೆ ಬೇರೆ ಮಾತ್ರೆಗಳಿದ್ದರೆ ಯಾವ ಫಾರ್ಮಸಿಯವರೂ ಅದನ್ನು ಕೊಡುವುದಿಲ್ಲ, ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತಾರೆ. ನಮ್ಮ ಪಟ್ಟಿಗಳು ಯಾವ ಪದ್ಧತಿಯ ರಾಗ ಎಂಬುದನ್ನೇ ಹೇಳುವುದಿಲ್ಲ. ಯಾರು ಹಾಡಬೇಕು, ಎಷ್ಟು ಹೊತ್ತು, ಯಾವ ಕಾಲದಲ್ಲಿ, ಆಲಾಪವೋ ಕೃತಿಯೋ ಎಂಬುದೂ ಅದರಲ್ಲಿರುವುದಿಲ್ಲ. ಒಂದೇ ರಾಗದಲ್ಲಿ ಜೋಗುಳವೂ ಇರಬಹುದು, ಯುದ್ಧದ ಪದ್ಯವೂ ಇರಬಹುದು. ರಾಗದ ಹೆಸರೊಂದನ್ನೇ ಔಷಧವೆಂದು ಬರೆಯುವುದು ಸಂಗೀತಕ್ಕೂ ಮಾಡುವ ಅನ್ಯಾಯ.

ರೋಗದ ದೃಷ್ಟಿಯಿಂದ ತಪ್ಪು ಇನ್ನೂ ದೊಡ್ಡದು. ಪಟ್ಟಿಯಲ್ಲಿ ತಲೆನೋವು, ನಿದ್ರಾಹೀನತೆ, ಕ್ಯಾನ್ಸರ್ ಮೂರೂ ಒಂದರ ಕೆಳಗೊಂದು ಬಂದಿದ್ದವು. ನಿದ್ರೆ ಬಾರದವರಿಗೆ ಹಾಡು ಸಹಾಯ ಮಾಡಬಹುದು. ಅದನ್ನು ನೋಡಿದ ಓದುಗರು ಮೂರನೆಯ ಸಾಲನ್ನೂ ಅದೇ ತೂಕದಲ್ಲಿ ನಂಬುತ್ತಾರೆ. ದಾವಣಗೆರೆಯ ಆ ತಾಯಿಯೂ ಹಾಗೆಯೇ ನಂಬಿದ್ದರು. ಸಂಗೀತವನ್ನೇ ಉಸಿರಾಡಿದವರಿಗೂ ಕ್ಯಾನ್ಸರ್ ಬರುತ್ತದೆ. ಗಂಗೂಬಾಯಿ ಹಾನಗಲ್ ಅವರ ಪಕ್ಕದಲ್ಲಿ ಕೂತು ದಶಕಗಳ ಕಾಲ ದನಿಗೂಡಿಸಿದ ಅವರ ಮಗಳು ಕೃಷ್ಣಾ ಹಾನಗಲ್ 2004ರಲ್ಲಿ ತೀರಿಕೊಂಡದ್ದು ಕ್ಯಾನ್ಸರಿನಿಂದ. ಕಿರಾನಾ ಘರಾಣೆಯ ಅಷ್ಟು ಶುದ್ಧ ಸ್ವರದ ಮಧ್ಯೆ ಬದುಕಿದವರನ್ನು ಕಾಯದ ರಾಗ ನಮ್ಮ ಮೊಬೈಲ್ ಸ್ಪೀಕರಿನಿಂದ ಬಂದು ಗಡ್ಡೆಯನ್ನು ಕರಗಿಸುತ್ತದೆ ಎನ್ನುವುದು ಹೇಗೆ?

ಚಿಕಿತ್ಸೆ ಬಿಟ್ಟರೆ ಆಗುವ ನಷ್ಟಕ್ಕೆ ಅಂಕಿ ಅಂಶಗಳೂ ಇವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಅಂಗಗಳಿಗೆ ಹರಡದ ಸ್ತನ, ಪ್ರೋಸ್ಟೇಟ್, ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 281 ಮಂದಿ ವೈದ್ಯಕೀಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಪದ್ಧತಿಗಳನ್ನಷ್ಟೇ ಆರಿಸಿಕೊಂಡಿದ್ದರು. ನಿಯಮಿತ ಚಿಕಿತ್ಸೆ ಪಡೆದ 560 ಮಂದಿಯೊಂದಿಗೆ ಅವರನ್ನು ಹೋಲಿಸಲಾಯಿತು. ಪರ್ಯಾಯವನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಅದು ಐದು ಪಟ್ಟಿಗೂ ಹೆಚ್ಚು. ಇದು ಸಂಗೀತದ ಮೇಲೆ ನಡೆದ ಅಧ್ಯಯನವಲ್ಲ. ಆದರೆ “ಎರಡು ತಿಂಗಳು ನೋಡೋಣ” ಎಂಬ ಮಾತಿನ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಸಂಗೀತದಿಂದ ಏನೂ ಪ್ರಯೋಜನವಿಲ್ಲವೇ?

ಇದೆ. ಪಟ್ಟಿಯ ತಪ್ಪಿನಿಂದಾಗಿ ಆ ನಿಜವಾದ ಪ್ರಯೋಜನ ಮುಚ್ಚಿಹೋಗುತ್ತದೆ ಎಂಬುದೇ ನನ್ನ ಬೇಸರ.

ಜಗತ್ತಿನ ಬೇರೆ ಬೇರೆ ಕಡೆ ನಡೆದ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯಿದೆ. ಕ್ಯಾನ್ಸರ್ ರೋಗಿಗಳಿಗೆ ಸಂಗೀತದಿಂದ ಏನಾಗುತ್ತದೆ ಎಂಬುದರ ಮೇಲೆ ಸಂಗೀತ ಚಿಕಿತ್ಸಕಿ ಯೋಕೆ ಬ್ರಾಟ್ ಅವರ ನೇತೃತ್ವದಲ್ಲಿ ಈ ಸಂಸ್ಥೆಯ ಪರಿಶೀಲನಾ ವರದಿ 2011ರಲ್ಲಿ ಬಂತು. ಅದನ್ನು 2016ರಲ್ಲಿ ಮತ್ತು 2021ರಲ್ಲಿ ಪರಿಷ್ಕರಿಸಲಾಯಿತು. 2021ರ ವರದಿಯಲ್ಲಿ 81 ಪ್ರಯೋಗಗಳು, 5,576 ರೋಗಿಗಳು. ಇವುಗಳಲ್ಲಿ 38 ಪ್ರಯೋಗಗಳಲ್ಲಿ ತರಬೇತಿ ಪಡೆದ ಸಂಗೀತ ಚಿಕಿತ್ಸಕರು ರೋಗಿಯ ಜೊತೆ ಕೂತು ಕೆಲಸ ಮಾಡಿದ್ದರು. ಉಳಿದ 43ರಲ್ಲಿ ನರ್ಸ್ ಅಥವಾ ಬೇರೆ ಸಿಬ್ಬಂದಿ ಧ್ವನಿಮುದ್ರಿತ ಸಂಗೀತವನ್ನು ಕೇಳಿಸಿದ್ದರು.

ಆತಂಕವನ್ನು ಅಳೆಯಲು ಸ್ಪೀಲ್‌ಬರ್ಗರ್ ಎಂಬ ಮನೋವಿಜ್ಞಾನಿ ರೂಪಿಸಿದ ಪ್ರಶ್ನಾವಳಿಯನ್ನು ಹಲವು ಪ್ರಯೋಗಗಳಲ್ಲಿ ಬಳಸಿದ್ದಾರೆ. ‘ನಾನು ಶಾಂತವಾಗಿದ್ದೇನೆ’ ಎಂಬಂಥ 20 ವಾಕ್ಯಗಳು, ಪ್ರತಿಯೊಂದಕ್ಕೂ 1ರಿಂದ 4 ಅಂಕ. ಒಟ್ಟು ಅಂಕ 20ರಿಂದ 80ರ ನಡುವೆ ಬರುತ್ತದೆ. ಸಂಗೀತ ಕೇಳಿದ ವಯಸ್ಕ ರೋಗಿಗಳಲ್ಲಿ ಈ ಅಂಕ ಸರಾಸರಿ 7.73ರಷ್ಟು ಕಡಿಮೆ ಇತ್ತು. ಇದು 17 ಪ್ರಯೋಗಗಳ 1,381 ರೋಗಿಗಳ ಲೆಕ್ಕ. ಮರುದಿನದ ಕೀಮೋಗೆ ಹೆದರಿ 50 ಅಂಕದಲ್ಲಿರುವ ವ್ಯಕ್ತಿ 42ಕ್ಕೆ ಇಳಿದ ಹಾಗೆ ಎಂದುಕೊಳ್ಳಿ. ಭಯ ಹೋಗಿಲ್ಲ. ಆದರೆ ಕೈ ನಡುಗುವುದು ನಿಂತು ಒಂದು ಲೋಟ ನೀರು ಕುಡಿಯುವಷ್ಟು ಸಮಾಧಾನ ಸಿಕ್ಕಿದೆ. ನೋವು ಮತ್ತು ಆಯಾಸದ ಮೇಲೂ ಒಳ್ಳೆಯ ಪರಿಣಾಮದ ಸೂಚನೆ ಆ ವರದಿಯಲ್ಲಿದೆ.

ಲೆಕ್ಕದವನಾದ ನನಗೆ ಅದೇ ವರದಿಯ ಇನ್ನೊಂದು ಮಾತು ಮುಖ್ಯವಾಗಿ ಕಂಡಿತು. ಆತಂಕದ ಬಗೆಗಿನ ಈ ಪುರಾವೆಯ ಖಚಿತತೆ ‘ಕಡಿಮೆ’ ಎಂದು ಬರೆದವರೇ ಹೇಳಿದ್ದಾರೆ. ಕಾರಣ ಸರಳ. ಮಾತ್ರೆಯ ಪ್ರಯೋಗದಲ್ಲಿ ಕೆಲವರಿಗೆ ಸಕ್ಕರೆ ಗುಳಿಗೆ ಕೊಟ್ಟು, ಯಾರಿಗೆ ಏನು ಸಿಕ್ಕಿತೆಂದು ತಿಳಿಯದಂತೆ ಮಾಡಬಹುದು. ಕಿವಿಗೆ ಹಾಡು ಬೀಳುತ್ತಿದೆಯೋ ಇಲ್ಲವೋ ಎಂಬುದನ್ನು ರೋಗಿಯಿಂದ ಮುಚ್ಚಿಡಲು ಸಾಧ್ಯವಿಲ್ಲ. ಅಂಕ ಕೊಡುವವರೂ ಅದೇ ರೋಗಿ. ಅಲ್ಲದೆ ಪ್ರಯೋಗದಿಂದ ಪ್ರಯೋಗಕ್ಕೆ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಿದೆ.

ಆ ವ್ಯತ್ಯಾಸ ಎಂಥದು ಎಂದು ತೋರಿಸಲು ಎರಡು ಉದಾಹರಣೆ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರೇಡಿಯೇಷನ್ ಪಡೆಯುತ್ತಿದ್ದ 42 ಪುರುಷರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಸಂಗೀತ ಕೇಳಿಸಿದರು. ಒಟ್ಟಾರೆಯಾಗಿ ಎರಡು ಗುಂಪುಗಳ ಆತಂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಬಂದ ನ್ಯೂಯಾರ್ಕಿನ ಅಧ್ಯಯನದಲ್ಲಿ ರೇಡಿಯೇಷನ್ ಶುರುವಾಗುವ ಮುನ್ನ ಅಳತೆ ತೆಗೆಯುವ ದಿನ, ಅಂದರೆ ಸಿಮ್ಯುಲೇಷನ್ ದಿನ, 78 ರೋಗಿಗಳನ್ನು ಗಮನಿಸಿದರು. ಸಂಗೀತ ಚಿಕಿತ್ಸಕರ ನೆರವು ಸಿಕ್ಕವರ ಆತಂಕ ಇಳಿಯಿತು. ನನ್ನ ಓದಿನಲ್ಲಿ ಇವೆರಡಕ್ಕೂ ವಿರೋಧವಿಲ್ಲ. ಭಯ ಹೆಚ್ಚಿರುವುದು ಮೊದಲ ದಿನ. ಅಂದು ಯಂತ್ರ ಹೊಸದು, ಮುಖಕ್ಕೆ ಬಿಗಿಯುವ ಮಾಸ್ಕ್ ಹೊಸದು, ಮೈಮೇಲೆ ಗುರುತು ಹಾಕುವ ಕೈಗಳೂ ಹೊಸವು. ಇಪ್ಪತ್ತನೆಯ ದಿನದ ಹೊತ್ತಿಗೆ ರೋಗಿಗೆ ಅದೆಲ್ಲ ಅಭ್ಯಾಸವಾಗಿರುತ್ತದೆ. ಭಯ ಹೆಚ್ಚಿದ್ದಲ್ಲಿ, ರೋಗಿಯ ಮಾತು ಕೇಳಿ ಆರಿಸಿಕೊಡುವ ಮನುಷ್ಯ ಪಕ್ಕದಲ್ಲಿದ್ದಲ್ಲಿ ಸಂಗೀತ ಹೆಚ್ಚು ಕೆಲಸ ಮಾಡುತ್ತದೆ. ಕಾಕ್ರೇನ್ ವರದಿಯಲ್ಲೂ ಬದುಕಿನ ಗುಣಮಟ್ಟದ ವಿಷಯಕ್ಕೆ ಬಂದಾಗ ಚಿಕಿತ್ಸಕರಿದ್ದ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿದೆ, ಬರೀ ಧ್ವನಿಮುದ್ರಿಕೆ ಕೇಳಿಸಿದಲ್ಲಿ ಕಂಡಿಲ್ಲ.

2023ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘಟನೆ ಆಸ್ಕೋ ಮತ್ತು ಸಮನ್ವಯ ಕ್ಯಾನ್ಸರ್ ಚಿಕಿತ್ಸೆಯ ಸಂಘಟನೆ ಎಸ್‌ಐಒ ಸೇರಿ ಹೊರತಂದ ಮಾರ್ಗಸೂಚಿಯಲ್ಲಿ, ಚಿಕಿತ್ಸೆ ನಡೆಯುತ್ತಿರುವಾಗಿನ ಆತಂಕಕ್ಕೆ ಯೋಗ, ಧ್ಯಾನ, ಶಿಥಿಲೀಕರಣದ ಜೊತೆಗೆ ಸಂಗೀತ ಚಿಕಿತ್ಸೆಯ ಹೆಸರೂ ಇದೆ. ಅಲ್ಲಿ ಸಂಗೀತದ ಜಾಗ ಸ್ಪಷ್ಟ: ಅದು ಆತಂಕಕ್ಕೆ, ಗಡ್ಡೆಗೆ ಅಲ್ಲ. ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ.

ಕುಮಾರ ಗಂಧರ್ವರ ಹಾಸಿಗೆ

ನಮ್ಮ ಸಭೆಗಳಲ್ಲಿ ಸಂಗೀತದ ಮಹಿಮೆಗೆ ಉದಾಹರಣೆಯಾಗಿ ಕುಮಾರ ಗಂಧರ್ವರ ಹೆಸರು ಬರುವುದುಂಟು. ನಾನೂ ಹೇಳಿದ್ದೆ. ಆ ಕಥೆಯನ್ನು ಸರಿಯಾಗಿ ಓದಿದರೆ ಅದು ಬೇರೆಯೇ ಪಾಠ ಹೇಳುತ್ತದೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಬಾಲ್ಯದಲ್ಲೇ ಕುಮಾರ ಗಂಧರ್ವ ಎಂಬ ಬಿರುದು ಪಡೆದು, ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು ಹೆಸರು ಮಾಡಿದರು. ಮದುವೆಯಾದ ಹೊಸತರಲ್ಲೇ ಕ್ಷಯ ತಗುಲಿತು. ಒಣ ಹವೆ ಬೇಕೆಂದು 1948ರಲ್ಲಿ ಮಧ್ಯಭಾರತದ ದೇವಾಸ್‌ಗೆ ಹೋದರು. ಹಾಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ ಅವರು ಮಾಡಿದ್ದು ಕೇಳುವ ಕೆಲಸ. ಸುತ್ತಲಿನ ಹಕ್ಕಿಯ ದನಿ, ಗಾಳಿ, ಮಾಳವದ ಹೆಂಗಸರ ಜಾನಪದ ಹಾಡು. 1953ರ ಹೊತ್ತಿಗೆ ಮತ್ತೆ ಹಾಡತೊಡಗಿದಾಗ ಒಂದು ಶ್ವಾಸಕೋಶದ ಬಲ ಹೋಗಿತ್ತು, ಗಾಯನದ ರೀತಿಯೇ ಬದಲಾಗಿತ್ತು. ಮಾಳವದ ಆ ಧುನ್‌ಗಳಿಂದಲೇ ಅವರು ಮುಂದೆ ಹೊಸ ರಾಗಗಳನ್ನು ಕಟ್ಟಿದರು.

ಅವರನ್ನು ಉಳಿಸಿದ್ದು ಯಾವುದು? 1943ರಲ್ಲಿ ಕಂಡುಹಿಡಿಯಲಾದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಆ ವರ್ಷಗಳಲ್ಲಿ ಭಾರತದಲ್ಲಿ ಸಿಗತೊಡಗಿತ್ತು. ಕ್ಷಯಕ್ಕೆ ಮದ್ದು ಅದು. ಮಲಗಿದಲ್ಲೇ ಕೇಳಿದ ಹಾಡುಗಳು ಅವರ ಶ್ವಾಸಕೋಶವನ್ನು ವಾಸಿ ಮಾಡಲಿಲ್ಲ. ಆದರೆ ಔಷಧ ಕೆಲಸ ಮಾಡುವವರೆಗಿನ ಆ ಉದ್ದ ವರ್ಷಗಳನ್ನು ಕಳೆಯಲು, ಎದ್ದ ಮೇಲೆ ತಾನು ಯಾರು ಎಂದು ಮತ್ತೆ ಕಂಡುಕೊಳ್ಳಲು ಅವು ನೆರವಾದವು ಎಂದು ನಾನು ಓದಿಕೊಳ್ಳುತ್ತೇನೆ. ಔಷಧವನ್ನು ಬಿಟ್ಟು ಹಾಡನ್ನಷ್ಟೇ ಹೇಳಿದರೆ ಅವರ ಕಥೆಯನ್ನು ಅರ್ಧ ಮಾತ್ರ ಹೇಳಿದಂತೆ.

ನಮ್ಮ ಮನೆಯಲ್ಲಿ ನಡೆದದ್ದು

ಹೆಂಡತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹಮದ್ ಟೌನ್‌ನಲ್ಲಿ ವಿಳಾಸ ಹೇಳುವುದೇ ರೌಂಡ್‌ಅಬೌಟ್‌ಗಳ ಸಂಖ್ಯೆಯಿಂದ ಎಂಬುದು ನಿಮಗೆಲ್ಲ ಗೊತ್ತು. ಕೀಮೋ ದಿನ ಆಸ್ಪತ್ರೆಗೆ ಹೊರಟಾಗ ಅವಳು ಕಾರಿನಲ್ಲಿ ಅವುಗಳನ್ನು ಬಾಯಲ್ಲೇ ಎಣಿಸುತ್ತಿದ್ದಳು. ಎಣಿಕೆ ಮುಗಿದು ಹೆದ್ದಾರಿ ಸೇರಿದ ಮೇಲೆ ಅವಳ ಅಂಗೈ ಬೆವರುತ್ತಿತ್ತು.

ಮೊದಲ ಸಲ ನಾನು ನನ್ನ ಪಟ್ಟಿಯ ಪ್ರಕಾರ ಒಂದು ಗಂಟೆಯ ಕೊಳಲು ವಾದನವನ್ನು ಫೋನಿಗೆ ತುಂಬಿಸಿಕೊಂಡು ಹೋಗಿದ್ದೆ. ಡ್ರಿಪ್ ಶುರುವಾಯಿತು, ಹೆಡ್‌ಫೋನ್ ಹಾಕಿದೆ. ಐದು ನಿಮಿಷವೂ ಆಗಿರಲಿಲ್ಲ. “ಇದ್ ಬ್ಯಾಡ, ಬಂದ್ ಮಾಡಿ. ನಂಗ್ ಆತಿಲ್ಲೆ” ಎಂದಳು. ಆ ಕೊಳಲು ಕೇಳಿದರೆ ಯಾರೋ ಸತ್ತ ದಿನ ರೇಡಿಯೋದಲ್ಲಿ ಬರುತ್ತಿದ್ದ ಸಂಗೀತದ ನೆನಪಾಗುತ್ತದಂತೆ. ನಾನು ‘ಶಾಂತ’ ಎಂದುಕೊಂಡದ್ದು ಅವಳಿಗೆ ಸೂತಕವಾಗಿತ್ತು.

ಅವಳು ಕುಂದಾಪುರದ ಕಡೆಯವಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಯಲಾಟಕ್ಕೆ ಹೋಗಿ ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಬೆಳಗು ಮಾಡಿದವಳು. ಎರಡನೆಯ ಸಲಕ್ಕೆ ತಾನೇ ಹೇಳಿದಳು, ಕಾಳಿಂಗ ನಾವಡರ ಪದ್ಯ ಹಾಕಿ ಎಂದು. ನನಗೆ ಆಶ್ಚರ್ಯ. ಏರುದನಿಯ ಭಾಗವತಿಕೆ, ಅದರ ಮೇಲೆ ಚೆಂಡೆ. ವಿಶ್ರಾಂತಿಗೆ ನಿಧಾನಗತಿಯ, ಮೆಲುದನಿಯ ಸಂಗೀತವೇ ಒಳ್ಳೆಯದು ಎಂಬುದು ಎಲ್ಲೆಡೆ ಕೇಳುವ ಸಲಹೆ. ಚೆಂಡೆ ಅದಕ್ಕೆ ಪೂರ್ತಿ ವಿರುದ್ಧ. ಆದರೂ ಹಾಕಿದೆ. ಅವಳ ಕಾಲ್ಬೆರಳು ತಾಳಕ್ಕೆ ಅಲುಗತೊಡಗಿತು. ಆಮೇಲೆ ನಿದ್ದೆ ಹತ್ತಿತು. ಪಕ್ಕದಲ್ಲಿದ್ದ ಸಿಸ್ಟರ್ ಹೆಡ್‌ಫೋನಿನಿಂದ ಸೋರುತ್ತಿದ್ದ ಚೆಂಡೆಯ ಸದ್ದು ಕೇಳಿ ನನ್ನ ಮುಖ ನೋಡಿ ನಕ್ಕರು.

ಯಕ್ಷಗಾನ ಎಲ್ಲರಿಗೂ ಔಷಧ ಎಂದು ಇದರ ಅರ್ಥವಲ್ಲ. ಹಾಗೆ ಬರೆದರೆ ಇನ್ನೊಂದು ಪಟ್ಟಿ ಮಾಡಿದಂತಾಗುತ್ತದೆ. ಅವಳಿಗೆ ಆ ಸದ್ದು ಅಪ್ಪನ ಪಕ್ಕದಲ್ಲಿ ಮಲಗಿದ ಸದ್ದು. ಪಕ್ಕದ ಕುರ್ಚಿಯವರಿಗೆ ಅದು ಗದ್ದಲವಾಗಬಹುದು. ರಾಗ ಯಾವುದು ಎನ್ನುವುದಕ್ಕಿಂತ ಆ ಕಿವಿ ಹಿಂದೆ ಏನು ಕೇಳಿ ಬೆಳೆದಿದೆ ಎನ್ನುವುದು ಇಲ್ಲಿ ಮುಖ್ಯ. ಇನ್ನೊಂದು ಸಂಗತಿಯೂ ಇದೆ. ಚಿಕಿತ್ಸೆಯಲ್ಲಿ ರೋಗಿಯ ಕೈಯಲ್ಲಿ ಏನೂ ಇರುವುದಿಲ್ಲ. ಯಾವ ಔಷಧ, ಯಾವ ದಿನ, ಎಷ್ಟು ಹೊತ್ತು, ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಯಾವ ಹಾಡು ಬೇಕು, ಯಾವಾಗ ನಿಲ್ಲಬೇಕು ಎಂಬುದೊಂದನ್ನಾದರೂ ಅವಳು ಹೇಳಿದಳು. ಅದನ್ನೂ ನಾನೇ ತೀರ್ಮಾನಿಸಲು ಹೋದದ್ದು ಮೊದಲ ದಿನದ ನನ್ನ ತಪ್ಪು.

ಇನ್ನೊಂದು ತಪ್ಪನ್ನು ನಾವಿಬ್ಬರೂ ಮಾಡಿದೆವು. ಅವಳಿಗೆ ಬಹಳ ಪ್ರಿಯವಾದ ಒಂದು ಭಾವಗೀತೆಯನ್ನು ಪ್ರತಿ ಕೀಮೋದಲ್ಲೂ ಹಾಕಿದೆವು. ನಾಲ್ಕನೆಯ ಸಲದ ಹೊತ್ತಿಗೆ ಆ ಹಾಡಿನ ಮೊದಲ ಸ್ವರ ಕೇಳಿದರೇ ಅವಳಿಗೆ ಹೊಟ್ಟೆ ತೊಳಸತೊಡಗಿತು. ಕೀಮೋದಲ್ಲಿ ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆಸ್ಪತ್ರೆಯ ವಾಸನೆ, ಬಣ್ಣ, ದಾರಿ ಯಾವುದಾದರೂ ವಾಕರಿಕೆಯೊಂದಿಗೆ ಗಂಟು ಬಿದ್ದು, ಔಷಧ ಏರುವ ಮುನ್ನವೇ ವಾಕರಿಕೆ ಬರುತ್ತದೆ. ಪಾವ್ಲೋವ್‌ನ ನಾಯಿಗೆ ಗಂಟೆ ಸದ್ದಿಗೇ ಜೊಲ್ಲು ಸುರಿದ ಹಾಗೆ. ನಮ್ಮಲ್ಲಿ ಹಾಡೇ ಆ ಗಂಟೆಯಾಯಿತು. ಚಿಕಿತ್ಸೆ ಮುಗಿದು ಇಷ್ಟು ದಿನವಾದರೂ ಆ ಹಾಡು ನಮ್ಮ ಮನೆಗೆ ವಾಪಸ್ ಬಂದಿಲ್ಲ. ಸಂಗೀತಕ್ಕೆ ಅಡ್ಡಪರಿಣಾಮವಿಲ್ಲ ಎಂದು ವೇದಿಕೆಯಲ್ಲಿ ಹೇಳಿದ್ದವನು ನಾನೇ.

ಮುತ್ತಿನ ದೋಣಿಯ ಹಾಡುಗಾರ

ನಾವಿರುವ ಈ ದ್ವೀಪಕ್ಕೂ ಭಯದ ಜೊತೆ ಹಾಡಿದ ಇತಿಹಾಸವಿದೆ. ಎಣ್ಣೆ ಸಿಗುವ ಮುನ್ನ ಬಹರೈನಿನ ಗಂಡಸರು ಬೇಸಿಗೆಯ ತಿಂಗಳುಗಳನ್ನು ಮುತ್ತಿನ ದೋಣಿಗಳಲ್ಲಿ ಕಳೆಯುತ್ತಿದ್ದರು. ದೋಣಿಯಲ್ಲಿ ನಹ್ಹಾಮ್ ಎಂಬ ಹಾಡುಗಾರನಿರುತ್ತಿದ್ದ. ಹಗ್ಗ ಎಳೆಯುವಾಗ, ಹುಟ್ಟು ಹಾಕುವಾಗ ಅವನು ಹಾಡುತ್ತಿದ್ದ, ಉಳಿದವರು ದನಿಗೂಡಿಸುತ್ತಿದ್ದರು. ಕಡಲಿನ ಆ ಕಷ್ಟಗಳನ್ನು ನೆನೆದು ಹಾಡುವ ಫಿಜಿರಿ ಸಂಗೀತ 2021ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮುಹರ್ರಕ್‌ನಲ್ಲಿ ಒಮ್ಮೆ ಅದನ್ನು ಕೇಳಿದ್ದೇನೆ. ಮಣ್ಣಿನ ಮಡಕೆಯ ಮೇಲೆ ಬೀಳುವ ಕೈ, ಚಪ್ಪಾಳೆ, ಗಂಡಸರ ಆಳವಾದ ದನಿ.

ನಹ್ಹಾಮ್‌ನ ಹಾಡು ಮುಳುಗುಗಾರನಿಗೆ ಉಸಿರು ಕೊಡುತ್ತಿರಲಿಲ್ಲ. ಅವನನ್ನು ಮೇಲೆ ತರುತ್ತಿದ್ದುದು ಹಗ್ಗ, ಆ ಹಗ್ಗ ಹಿಡಿದ ಮನುಷ್ಯ. ಹಾಡು ಇದೆ ಎಂದು ಯಾರೂ ಹಗ್ಗ ಬಿಟ್ಟು ಮುಳುಗಲಿಲ್ಲ. ಹಗ್ಗ ಇದೆ ಎಂದು ಹಾಡುಗಾರನನ್ನು ದಡದಲ್ಲಿ ಬಿಟ್ಟೂ ಹೋಗಲಿಲ್ಲ. ಕೀಮೋ ಕುರ್ಚಿಯ ಪಕ್ಕದ ಸಂಗೀತವನ್ನು ನಾನು ಈಗ ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ.

ಸದಸ್ಯರಿಗೆ ಕೆಲವು ಸಲಹೆಗಳು

ನಮ್ಮ ಸಂಘದ ಯಾವ ಮನೆಗೂ ಇದರ ಅಗತ್ಯ ಬಾರದಿರಲಿ. ಬಂದರೆ, ಓದಿದ್ದು ಮತ್ತು ಅನುಭವಿಸಿದ್ದು ಎರಡನ್ನೂ ಸೇರಿಸಿ ನಾನು ಹೇಳುವುದು ಇಷ್ಟು.

1. ಚಿಕಿತ್ಸೆಯ ದಿನಾಂಕವನ್ನು ಸಂಗೀತಕ್ಕಾಗಿ ಒಂದು ದಿನವೂ ಮುಂದೂಡಬೇಡಿ. ಭಯ ಅತಿಯಾದರೆ ಅದನ್ನೂ ವೈದ್ಯರಿಗೆ ಹೇಳಿ. ಆತಂಕಕ್ಕೆ ಆಪ್ತಸಲಹೆಯೂ ಔಷಧವೂ ಇವೆ.

2. ಹಾಡನ್ನು ರೋಗಿಯೇ ಆರಿಸಲಿ. ಇಂದು ಬೇಡ ಎಂದರೆ ಬೇಡ. ಮೌನವೂ ಒಂದು ಆಯ್ಕೆ.

3. ಬಹಳ ಪ್ರಿಯವಾದ ಒಂದೆರಡು ಹಾಡುಗಳನ್ನು ಆಸ್ಪತ್ರೆಗೆ ಒಯ್ಯದೆ ಮನೆಗೆಂದೇ ಉಳಿಸಿಕೊಳ್ಳಿ. ಪ್ರತಿ ಸಲ ಹಾಡು ಬದಲಿಸುತ್ತಿರಿ.

4. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ಇನ್ನೊಂದು ಸಿಸ್ಟರ್ ಮಾತು ಕೇಳಲು ಇರಲಿ. ಎಂಆರ್‌ಐ ಕೋಣೆಗೆ ನಿಮ್ಮ ಹೆಡ್‌ಫೋನ್ ಒಯ್ಯಲೇಬೇಡಿ. ಬೇರೆ ಸ್ಕ್ಯಾನ್ ಮತ್ತು ರೇಡಿಯೇಷನ್ ಕೋಣೆಗಳಲ್ಲಿ ಸಿಬ್ಬಂದಿಯನ್ನು ಕೇಳಿ.

5. ಸಿಸ್‌ಪ್ಲಾಟಿನ್‌ನಂಥ ಕೆಲವು ಔಷಧಗಳು ಕಿವಿಯ ಶಕ್ತಿಯನ್ನು ಕುಗ್ಗಿಸಬಹುದು. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದರೆ, ಹಾಡು ಮೊದಲಿನಂತೆ ಕೇಳದಿದ್ದರೆ, ದನಿ ಏರಿಸುವ ಬದಲು ವೈದ್ಯರಿಗೆ ತಿಳಿಸಿ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಗಳಿಂದ ಬೆರಳು ಜೋಮು ಹಿಡಿಯಬಹುದು. ಆಗ ಹಾಡು ನಿಲ್ಲಿಸಲು ಪಕ್ಕದಲ್ಲಿ ಒಬ್ಬರಿರಬೇಕು.

6. ಮೊದಲ ದಿನಗಳಿಗೆ ಹೆಚ್ಚು ತಯಾರಿ ಮಾಡಿಕೊಳ್ಳಿ: ಮೊದಲ ಕೀಮೋ, ಸಿಮ್ಯುಲೇಷನ್ ದಿನ, ವರದಿ ಬರುವ ಹಿಂದಿನ ರಾತ್ರಿ.

ಸಂಘಕ್ಕೂ ಒಂದು ಮನವಿ. ಆರೋಗ್ಯದ ಬಗ್ಗೆ ವೇದಿಕೆಯ ಮೇಲೆ ಮಾತನಾಡುವವರಿಂದ, ಅದು ನಾನೇ ಆಗಿರಲಿ, ‘ಇದು ಎಲ್ಲಿಂದ ಬಂತು’ ಎಂದು ಮೊದಲೇ ಕೇಳುವ ಪದ್ಧತಿ ಬರಲಿ. ನಮ್ಮಲ್ಲಿ ಹಾಡುವವರಿದ್ದಾರೆ, ಮದ್ದಳೆ ನುಡಿಸುವವರಿದ್ದಾರೆ. ಚಿಕಿತ್ಸೆಯಲ್ಲಿರುವ ಸದಸ್ಯರು ಬಯಸಿದರೆ ಅವರ ಮನೆಗೆ ಹೋಗಿ, ಅವರು ಕೇಳಿದ್ದನ್ನು ಅರ್ಧ ಗಂಟೆ ಹಾಡಿ ಬರುವ ಒಂದು ಸಣ್ಣ ತಂಡ ಕಟ್ಟಬಹುದು. ಔಷಧ ಎಂಬ ಹೆಸರು ಅದಕ್ಕೆ ಬೇಡ.

ಆ ಯುವಕನಿಗೆ ನಾನು ಫೋನಿನಲ್ಲಿ ಹೇಳಿದ್ದು ಮೂರೇ ಮಾತು. ಆ ಪಟ್ಟಿಯನ್ನು ಅಳಿಸಿ. ಅಮ್ಮನನ್ನು ನಾಳೆಯೇ ಆಸ್ಪತ್ರೆಗೆ ಕಳಿಸಿ. ಅವರಿಗೆ ಯಾವ ಹಾಡು ಇಷ್ಟ ಎಂದು ಕೇಳಿ. ಮೂರನೆಯದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ತಾಯಿಯನ್ನು ಹಾಗೆ ಎಂದೂ ಕೇಳಿರಲಿಲ್ಲವಂತೆ. ಎರಡು ವಾರದ ಮೇಲೆ ಅವರೇ ಮತ್ತೆ ಫೋನ್ ಮಾಡಿದರು. ಕೀಮೋ ಶುರುವಾಗಿತ್ತು. ತಾಯಿ ಕೇಳಿದ್ದು ಯಾವ ರಾಗವನ್ನೂ ಅಲ್ಲ, ಹಳೆಯ ಸಿನಿಮಾ ಹಾಡುಗಳನ್ನು. ಮಗ ಇಲ್ಲಿಂದ ದಿನಕ್ಕೆರಡು ಹಾಡು ಕಳಿಸುತ್ತಿದ್ದಾರೆ. ಚಿಕಿತ್ಸೆ ಇನ್ನೂ ನಡೆಯುತ್ತಿದೆ.